ಅಜ್ಜಿಯ ಸೀಟಿನ ಕೆಳಗಿನ ಬ್ಯಾಟರಿ

ನಮ್ಮ ದೊಡ್ಡಪ್ಪನ ಹತ್ತಿರ ತೂತಿಲ್ಲದ ಅಂಗಿ ಅಂತ ಒಂದೂ ಇರಲಿಲ್ಲ. ಬಡತನದಿಂದಲ್ಲ, ಆಸಿಡ್‌ನಿಂದ. ಬ್ಯಾಟರಿಯ ಮುಚ್ಚಳ ಬಿಚ್ಚಿ, ಗಾಜಿನ ಕೊಳವೆಯಲ್ಲಿ ಆಸಿಡ್ ಹೀರಿ, ಕೊಳವೆಯೊಳಗಿನ ತೇಲುಬುರುಡೆ ಎಷ್ಟು ಮೇಲೆ ಬಂದಿದೆ ಎಂದು ನೋಡುವಾಗ ಕಣ್ಣಿಗೆ ಕಾಣದ ಹನಿಯೊಂದು ಹಾರಿ ಬಟ್ಟೆಯ ಮೇಲೆ ಕೂರುತ್ತದೆ. ಆಗ ಏನೂ ಆಗುವುದಿಲ್ಲ. ಒಗೆದು ಹಿಂಡಿದಾಗ ಅಲ್ಲೊಂದು ತೂತು. ದೊಡ್ಡಮ್ಮ ಹಗ್ಗದ ಮೇಲೆ ಅಂಗಿ ಹರವುತ್ತಾ, ಬೇರೆಯವರ ಮನೆಯಲ್ಲಿ ಗಂಡನ ಬಟ್ಟೆ ಒಣಗುತ್ತದೆ, ನಮ್ಮ ಮನೆಯಲ್ಲಿ ಜರಡಿ ಒಣಗುತ್ತದೆ ಅನ್ನುತ್ತಿದ್ದಳು. ಅದಕ್ಕೂ ಅವನು ನಗುತ್ತಿರಲಿಲ್ಲ. ನಗುವುದಕ್ಕೆ ಅವನಿಗೆ ಪುರುಸೊತ್ತೇ ಇರಲಿಲ್ಲ.

ಕೆರೆಯ ಈ ದಡದಿಂದ ಆ ದಡಕ್ಕೆ ಜನರನ್ನು ದಾಟಿಸುವ ಬೋಟುಗಳು ನಮ್ಮವು. ನಮ್ಮವು ಅಂದರೆ ಬೋಟ್ ಸಂಘದ್ದು. ಡೀಸೆಲ್ ಬೋಟುಗಳನ್ನು ತೆಗೆದು ಕರೆಂಟಿನವನ್ನು ಇಳಿಸಿದಾಗ, ಅವುಗಳ ಬ್ಯಾಟರಿ ನೋಡಿಕೊಳ್ಳುವುದಕ್ಕೆ ಮೋಟಾರು ರಿಪೇರಿ ಅಂಗಡಿಯಲ್ಲಿದ್ದ ದೊಡ್ಡಪ್ಪನನ್ನು ಕರೆದರು. ಬೋಟು ಹತ್ತಿ ಇಳಿಯುವ ಜೆಟ್ಟಿಯ ಪಕ್ಕದ ತಗಡಿನ ಶೆಡ್ಡು ಅವನ ರಾಜ್ಯ. ಅಲ್ಲಿ ಸದಾ ಹುಳಿ ವಾಸನೆ. ಗೋಡೆಗೆ ಚಾರ್ಜರುಗಳು, ಮೂಲೆಯಲ್ಲಿ ಬಟ್ಟಿ ಇಳಿಸಿದ ನೀರಿನ ಕ್ಯಾನುಗಳು, ಕಿಟಕಿಯ ಮೇಲೆ ಸೋಡಾ ಪುಡಿಯ ಡಬ್ಬ. ನಾನು ಹತ್ತು ಹೆಜ್ಜೆ ಆಚೆ ಟಿಕೆಟ್ ಕೌಂಟರಿನಲ್ಲಿ ಕೂರುತ್ತಿದ್ದೆ. ಹಾಗಾಗಿ ಅವನ ಬಗ್ಗೆ ನನಗೆ ಗೊತ್ತಿರುವಷ್ಟು ದೊಡ್ಡಮ್ಮನಿಗೂ ಗೊತ್ತಿಲ್ಲ. ಈ ಮಾತನ್ನು ಜಂಬಕ್ಕೆ ಹೇಳುತ್ತಿಲ್ಲ. ಎಷ್ಟೋ ವರ್ಷ ಅವನ ಮುಖ ನೋಡಿದರೆ ನನ್ನ ಮೈ ಉರಿಯುತ್ತಿತ್ತು, ಆದರೂ ನೋಡುತ್ತಾ ಕೂತಿರಬೇಕಾಗಿತ್ತು.

ಅವನ ಕೆಲಸ ಹೊರಗಿನವರಿಗೆ ಅರ್ಥವಾಗುವುದು ಕಷ್ಟವೇನಲ್ಲ. ಪ್ರತಿ ಬೋಟಿನಲ್ಲಿ ನಾಲ್ಕು ದೊಡ್ಡ ಬ್ಯಾಟರಿ. ಒಂದರ ಬಾಲಕ್ಕೆ ಇನ್ನೊಂದರ ಮೂತಿ ಕಟ್ಟಿ ಸಾಲು ಮಾಡಿರುತ್ತಾರೆ. ನಾಲ್ಕೂ ಸೇರಿ ಮೋಟಾರು ತಿರುಗಿಸುತ್ತವೆ. ಸಾಲಿನಲ್ಲಿ ಒಂದು ಹಿಂದೆ ಬಿತ್ತು ಅಂದರೆ ಉಳಿದ ಮೂರು ಎಷ್ಟೇ ಗಟ್ಟಿಯಾಗಿದ್ದರೂ ಬೋಟು ಆ ಒಂದರ ಮಟ್ಟಕ್ಕೇ ನಿಲ್ಲುತ್ತದೆ. ಚಾರ್ಜರಿಗೆ ಇದು ತಿಳಿಯುವುದಿಲ್ಲ. ಅದು ನಾಲ್ಕರ ಒಟ್ಟು ಲೆಕ್ಕ ನೋಡಿ ಸಾಕು ಅಂತ ನಿಲ್ಲಿಸಿಬಿಡುತ್ತದೆ. ಅದಕ್ಕೇ ವಾರಕ್ಕೊಮ್ಮೆ ಬೋಟು ಕಟ್ಟಿಹಾಕಿ, ನಿಧಾನವಾಗಿ, ಉದ್ದಕ್ಕೆ ಚಾರ್ಜು ಕೊಡಬೇಕು. ತುಂಬಿದವು ಗುಳುಗುಳು ಅನ್ನುತ್ತಾ ಕಾಯುತ್ತಿರುತ್ತವೆ, ಹಿಂದೆ ಬಿದ್ದದ್ದು ಮೆಲ್ಲಗೆ ಬಂದು ಸೇರಿಕೊಳ್ಳುತ್ತದೆ. ದೊಡ್ಡಪ್ಪ ಮಂಡಿಯೂರಿ ಒಂದೊಂದರ ಮೇಲೂ ಕಿವಿ ಇಟ್ಟು ಆ ಗುಳುಗುಳು ಕೇಳುತ್ತಿದ್ದ. ಯಾರಾದರೂ ಬೋಟು ಬೇಗ ಬಿಡು ಅಂದರೆ, ಸಮ ಆಗ್ಲಿ, ಸಮ ಆಗ್ಲಿ ಅನ್ನುತ್ತಿದ್ದ. ಬೋಟಿನವರು ಅವನಿಗೆ ಸಮಸಮ ಅಂತಲೇ ಹೆಸರಿಟ್ಟಿದ್ದರು. ಎದುರಿಗೆ ಕರೆಯುವ ಧೈರ್ಯ ಯಾರಿಗೂ ಇರಲಿಲ್ಲ, ಬೆನ್ನ ಹಿಂದೆ ಎಲ್ಲರೂ ಕರೆಯುತ್ತಿದ್ದರು.

ಅವನಿಗೆ ಎರಡು ನಿಯಮ. ಒಂದು: ಸಾಲಿನಲ್ಲಿರುವ ಯಾವುದೇ ಒಂದು ಬ್ಯಾಟರಿಯಿಂದ ಬೇರೆ ಏನಕ್ಕೂ ಕರೆಂಟು ಎಳೆಯಬಾರದು. ದೀಪವಾಗಲಿ, ಹಾರನ್ನಾಗಲಿ, ನಾಲ್ಕರಿಂದಲೂ ಸಮನಾಗಿ ತೆಗೆದುಕೊಂಡು ತಗ್ಗಿಸಿ ಕೊಡುವ ಕನ್ವರ್ಟರ್ ಡಬ್ಬಿಯಿಂದಲೇ ಓಡಬೇಕು. ಒಂದರಿಂದ ಎಳೆಯುವುದಕ್ಕೆ ಅವನ ಬಾಯಲ್ಲಿ ಇದ್ದ ಹೆಸರು ಕಳ್ಳತನ. ಇನ್ನೊಂದು: ಬಿಚ್ಚಿದ್ದನ್ನು ಬಿಚ್ಚಿದ ಹಾಗೆಯೇ ಕಟ್ಟಬೇಕು. ಬ್ಯಾಟರಿ ಬದಲಾಯಿಸುವಾಗ ಹಳೆಯದರ ನೆತ್ತಿಯ ಮೇಲಿನ ಸೀಸದ ಕಂಬದಿಂದ ಒಂದು ವೈರು ತೆಗೆದರೆ, ಕೈ ಬಿಡದೆ ಹೊಸದರ ಅದೇ ಕಂಬಕ್ಕೆ ಹಾಕಿ, ಆಮೇಲೆ ಮುಂದಿನದು. ತಲೆ ಓಡಿಸುವುದಕ್ಕೆ ಹೋದವನೇ ಕೆಡಿಸುವವನು ಎಂದು ಅವನ ವಾದ. ಈ ಎರಡು ನಿಯಮವೂ ಸರಿಯೇ. ಅವನನ್ನು ಮುಳುಗಿಸಿದ್ದೂ ಇವೇ ಎರಡು.

ನನ್ನ ಅಪ್ಪ ಅವನ ಬೆನ್ನಿಗೆ ಹುಟ್ಟಿದ ತಮ್ಮ, ಅದೇ ಜೆಟ್ಟಿಯಲ್ಲಿ ಬೋಟ್ ಡ್ರೈವರ್. ಅಣ್ಣ ಮಾತಾಡುವಷ್ಟು ತಮ್ಮ ನಗುತ್ತಿದ್ದ. ಅಪ್ಪ ಎಡಚ. ಹಗ್ಗ ಕಟ್ಟಿದರೂ ಎಡಕ್ಕೆ, ನಟ್ಟು ಬಿಗಿಯುವಾಗಲೂ ಎಡಗೈ. ಅವನು ಕಟ್ಟಿದ ಗಂಟು ಬಿಚ್ಚಬೇಕಾದರೆ ಬೇರೆ ಡ್ರೈವರುಗಳು ಬೈದುಕೊಂಡೇ ಬಿಚ್ಚುತ್ತಿದ್ದರು. ಸ್ಟೇರಿಂಗಿನ ಪಕ್ಕ ಅವನದೊಂದು ಪುಟ್ಟ ರೇಡಿಯೋ ಇರುತ್ತಿತ್ತು. ಅದಕ್ಕೆ ಟಾರ್ಚಿನ ಸೆಲ್ಲು. ಹಾಡು ಬಂದರೆ ಬೋಟಿನವರಿಗೆಲ್ಲ ಹಾಡು, ವಾರ್ತೆ ಬಂದರೆ ಎಲ್ಲರಿಗೂ ವಾರ್ತೆ.

ಆ ಬೋಟಿನಲ್ಲಿ ಇನ್ನೊಬ್ಬಳು ಖಾಯಂ ಪ್ರಯಾಣಿಕಳು, ಅಜ್ಜಿ. ಇವರಿಬ್ಬರ ತಾಯಿ. ಉಬ್ಬಸ ಅವಳಿಗೆ. ಮನೆಯೊಳಗೆ ಕೂತರೆ ಉಸಿರು ಕಟ್ಟುತ್ತದೆ, ನೀರಿನ ಮೇಲೆ ಇದ್ದರೆ ಎದೆ ಬಿಚ್ಚಿಕೊಳ್ಳುತ್ತದೆ ಅಂತ ಬೆಳಿಗ್ಗೆ ಹತ್ತಿದವಳು ಸಂಜೆ ಇಳಿಯುತ್ತಿದ್ದಳು. ದಿನವಿಡೀ ಕೆರೆ ದಾಟುವುದು, ಎಲ್ಲೂ ಇಳಿಯದಿರುವುದು. ಹಿಂದುಗಡೆಯ ಮೂಲೆಯ ಸೀಟು ಅವಳದು. ಹೊಸಬರು ಯಾರಾದರೂ ಅಲ್ಲಿ ಕೂತರೆ, ಇದು ನಮ್ಮ ಮನೆ ಕಣಪ್ಪ, ಆ ಕಡೆ ಕೂತ್ಕೋ ಅನ್ನುತ್ತಿದ್ದಳು. ಅವಳ ಸೀಟಿನ ಕೆಳಗಿನ ಪೆಟ್ಟಿಗೆಯಲ್ಲಿ ಇದ್ದದ್ದು ಸಾಲಿನ ಕೊನೆಯ ಬ್ಯಾಟರಿ, ನಾಲ್ಕನೆಯದು.

ಒಂದು ಬೇಸಿಗೆಯಲ್ಲಿ ಗಾಳಿ ಪೂರ್ತಿ ಬಿದ್ದುಹೋಯಿತು. ಅಜ್ಜಿ ಸೀಟಿನ ಮೇಲೆ ಬಾಗಿ ಕೂತು ಬಾಯಲ್ಲಿ ಉಸಿರಾಡುವುದನ್ನು ನೋಡಲಾಗದೆ ದೊಡ್ಡಪ್ಪ ಎಲ್ಲಿಂದಲೋ ಕಾರಿನ ಸಣ್ಣ ಫ್ಯಾನು ತಂದು ಅವಳ ತಲೆಯ ಮೇಲಿನ ಪೈಪಿಗೆ ಸಿಕ್ಕಿಸಿದ. ಅದು ಒಂದೇ ಬ್ಯಾಟರಿಯ ಮೇಲೆ ಓಡುವಂಥದ್ದು. ಬೋಟಿನಲ್ಲಿದ್ದ ಕನ್ವರ್ಟರ್ ಡಬ್ಬಿ ದೀಪಕ್ಕೂ ಹಾರನ್ನಿಗೂ ಮಾತ್ರ ಸಾಲುತ್ತಿತ್ತು, ಶೆಡ್ಡಿನಲ್ಲಿ ಇನ್ನೊಂದು ಇರಲಿಲ್ಲ. ಸದ್ಯಕ್ಕೆ ಅಂತ ಫ್ಯಾನಿನ ವೈರನ್ನು ಪೈಪಿನ ಹಿಂದಿನಿಂದ ಇಳಿಸಿ ನೇರವಾಗಿ ನಾಲ್ಕನೆಯದಕ್ಕೆ ಕೊಟ್ಟ. ಅಂದರೆ ಇಡೀ ಜೆಟ್ಟಿಗೆ ಬುದ್ಧಿ ಹೇಳುವವನು ತಾಯಿಯ ಸಲುವಾಗಿ ತನ್ನ ಮೊದಲನೇ ನಿಯಮವನ್ನು ತಾನೇ ಮುರಿದ. ಇದಕ್ಕೆ ನಾನು ಅವನನ್ನು ಯಾವತ್ತೂ ಬೈದಿಲ್ಲ. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ.

ವಾರದೊಳಗೆ ಡಬ್ಬಿ ಬಂತು. ಅಂಗೈಯಷ್ಟಗಲದ ಕಪ್ಪು ಡಬ್ಬಿ. ಅದನ್ನು ಪೈಪಿನ ಬುಡಕ್ಕೆ, ಫ್ಯಾನಿನ ವೈರು ಹಾದುಹೋಗುವ ಜಾಗದಲ್ಲೇ ಸ್ಕ್ರೂ ಹಾಕಿ ಕೂರಿಸಿದ. ಡಬ್ಬಿಯ ವೈರುಗಳನ್ನು ಸಾಲಿನ ಎರಡು ತುದಿಗೂ ಕೊಟ್ಟ. ಇನ್ನು ಫ್ಯಾನಿನ ವೈರನ್ನು ನಾಲ್ಕನೆಯದರಿಂದ ತೆಗೆದು ಡಬ್ಬಿಗೆ ಹಾಕಬೇಕು ಅನ್ನುವಷ್ಟರಲ್ಲಿ ಮನೆಯಿಂದ ಓಡಿಬಂದರು, ಅಜ್ಜಿಗೆ ಉಬ್ಬಸ ಏರಿದೆ ಅಂತ. ಸ್ಕ್ರೂಡ್ರೈವರ್ ಅಲ್ಲೇ ಬಿಟ್ಟು ಓಡಿದ. ಆಸ್ಪತ್ರೆ, ಆಮ್ಲಜನಕ, ಔಷಧಿ ಅಂತ ಕೆಲವು ದಿನ ಕಾಲಿಗೆ ಚಕ್ರ ಕಟ್ಟಿಕೊಂಡು ತಿರುಗಿದ. ಅಜ್ಜಿ ಹುಷಾರಾಗಿ ಬೋಟಿಗೆ ಬಂದು ಕೂತಾಗ ಫ್ಯಾನು ತಿರುಗುತ್ತಿತ್ತು, ಡಬ್ಬಿ ಜಾಗದಲ್ಲಿತ್ತು, ವೈರು ಡಬ್ಬಿಯ ಹಿಂದಿನಿಂದ ಬಂದಂತೆ ಕಾಣುತ್ತಿತ್ತು. ಅವನ ಮನಸ್ಸಿನಲ್ಲಿ ಆ ಕೆಲಸ ಮುಗಿದಿತ್ತು. ಅಜ್ಜಿಯ ಕಾಲಿಗೆ ತಗುಲದಿರಲಿ ಅಂತ ಬ್ಯಾಟರಿಯ ಕಂಬಗಳ ಮೇಲೆ ಹಲಗೆಯೊಂದನ್ನೂ ಬಡಿದ. ಇದೆಲ್ಲ ನಮಗೆ ತಿಳಿದದ್ದು ಬಹಳ ಆಮೇಲೆ. ಆಗ ಕಂಡದ್ದು ಇಷ್ಟೇ: ಆ ಬೋಟಿನ ನಾಲ್ಕನೆಯದು ಹಿಂದೆ ಬೀಳತೊಡಗಿತು.

ದೊಡ್ಡಪ್ಪ ಅದರ ಬೆನ್ನು ಹತ್ತಿದ. ವಾರದ ಉದ್ದ ಚಾರ್ಜು ಸಾಲದೆ, ಅದೊಂದಕ್ಕೇ ಬೇರೆ ಚಾರ್ಜರ್ ಹಾಕಿ ಮೇಲೆತ್ತಿದ. ಎರಡು ವಾರ ನಿಂತಿತು, ಮತ್ತೆ ಬಿತ್ತು. ಕಂಬಗಳನ್ನು ಸೋಡಾ ನೀರಿನಲ್ಲಿ ಉಜ್ಜಿದ, ಗ್ರೀಸು ಮೆತ್ತಿದ. ಕೊನೆಗೆ ಬ್ಯಾಟರಿ ಕೆಟ್ಟಿದೆ ಅಂತ ತೀರ್ಮಾನಿಸಿ, ಹಲಗೆ ಕಿತ್ತು, ಅದೇ ವಯಸ್ಸಿನ ಇನ್ನೊಂದನ್ನು ತಂದು ಕೂರಿಸಿದ. ಕೂರಿಸುವಾಗ ಅವನ ಎರಡನೇ ನಿಯಮ. ಈ ಕಂಬದ್ದು ಆ ಕಂಬಕ್ಕೆ, ಆ ಕಂಬದ್ದು ಈ ಕಂಬಕ್ಕೆ. ಫ್ಯಾನಿನ ವೈರನ್ನೂ ತನ್ನ ಕೈಯಾರೆ ತೆಗೆದು, ತನ್ನ ಕೈಯಾರೆ ಅಲ್ಲಿಗೇ ಹಾಕಿದ. ಬಿಚ್ಚಿದ್ದನ್ನು ಬಿಚ್ಚಿದ ಹಾಗೆ ಕಟ್ಟಿದ. ಮತ್ತೆ ಹಲಗೆ ಬಡಿದ. ಹೊಸದೂ ಬಿತ್ತು.

ಅಲ್ಲಿಂದ ಅವನ ತಲೆಯಲ್ಲಿ ಒಂದೇ ಮಾತು, ಕಳ್ಳತನ. ಬೋಟಿಗೆ ಬಂದು ಮೂಗು ಆಡಿಸುತ್ತಿದ್ದ. ರೇಡಿಯೋವನ್ನು ಓರೆಗಣ್ಣಿನಲ್ಲಿ ನೋಡುತ್ತಿದ್ದ. ಅಪ್ಪನಿಗೆ ಅದು ತಮಾಷೆ. ಹಾಡು ಕೇಳ್ಬೇಕಾದ್ರೆ ಬಾಯ್ಬಿಟ್ಟು ಕೇಳೋ ಅಣ್ಣಾ ಅಂತ ರೇಗಿಸುತ್ತಿದ್ದ. ತನ್ನ ಮೇಲೇ ಅನುಮಾನ ಅನ್ನುವುದು ಅವನ ತಲೆಗೆ ಹೊಳೆದೇ ಇರಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಬೋಟು ಕೆರೆಯ ನಡುವೆ ಕೈ ಕೊಟ್ಟಿತು. ತುಂಬಿದ ಬೋಟು. ಎದುರುಗಾಳಿಗೆ ಅಪ್ಪ ಸ್ವಲ್ಪ ಹೆಚ್ಚು ಎಳೆದಿದ್ದಾನೆ, ನಾಲ್ಕನೆಯದು ಕುಸಿದಿದೆ, ಮೋಟಾರು ನಿಂತಿದೆ. ಗಾಳಿ ಅವರನ್ನು ಜೊಂಡಿನ ಕಡೆ ತಳ್ಳಿಕೊಂಡು ಹೋಯಿತು. ಮಕ್ಕಳ ಅಳು, ದೊಡ್ಡವರ ಬೈಗುಳ. ಇನ್ನೊಂದು ಬೋಟು ಹೋಗಿ ಹಗ್ಗ ಕಟ್ಟಿ ಎಳೆದು ತಂದಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಇಳಿದವರಲ್ಲಿ ಅರ್ಧ ಜನ ಸೀದಾ ಸಂಘದ ಅಧ್ಯಕ್ಷರ ಹತ್ತಿರ ಹೋದರು.

ಅಂದು ಸಂಜೆಯೇ ಜೆಟ್ಟಿಯ ತಗಡಿನ ಕೆಳಗೆ ಎಲ್ಲರನ್ನೂ ಸೇರಿಸಿದರು. ಅಧ್ಯಕ್ಷರು ದೊಡ್ಡಪ್ಪನನ್ನೇ ಮೊದಲು ಕೇಳಿದರು. ಚಾರ್ಜಿಂಗ್ ನಿಮ್ಮದು, ಏನು ಹೇಳ್ತೀರಿ ಅಂತ. ಅವನ ಹೆಸರು, ಅವನ ಮರ್ಯಾದೆ ಎಲ್ಲ ಆ ಶೆಡ್ಡಿನೊಳಗೆ ಇತ್ತು. ಅವನು ಎದ್ದು ನಿಂತ.

"ನನ್ನ ಚಾರ್ಜಿಂಗಲ್ಲಿ ಎಳ್ಳಷ್ಟೂ ತಪ್ಪಿಲ್ಲ. ಒಂದರಿಂದ ಯಾರೋ ಕದೀತಿದಾರೆ. ದಿನಾ ಆ ಬೋಟಲ್ಲಿ ಇರೋದು ಯಾರು ಅಂತ ನಾನು ಬಾಯ್ಬಿಟ್ಟು ಹೇಳ್ಬೇಕಾ?"

ಅಪ್ಪನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಅವನ ಮುಖ ನೋಡಬೇಕಿತ್ತು, ಬಿಳುಚಿಹೋಯಿತು. ರೇಡಿಯೋ ಸೆಲ್ಲಿನ ಮೇಲೆ ಓಡುತ್ತದೆ ಅಂದ. ಬಿಚ್ಚಿ ತೋರಿಸು ಅಂದ ದೊಡ್ಡಪ್ಪ. ಅಪ್ಪ ಬಿಚ್ಚಿದ. ರೇಡಿಯೋದ ಹೊಟ್ಟೆ ಖಾಲಿ. ಹಿಂದಿನ ದಿನ ಮನೆಯ ಗಡಿಯಾರ ನಿಂತಿತ್ತು ಅಂತ ಅಪ್ಪ ಆ ಸೆಲ್ಲು ತೆಗೆದು ಅದಕ್ಕೆ ಹಾಕಿದ್ದ, ಹೊಸದು ತರುವುದು ಮರೆತಿದ್ದ. ಯಾರೋ ಕಿಸಕ್ಕನೆ ನಕ್ಕರು. ನಾನು ಕೌಂಟರಿನ ಕಿಟಕಿಯಿಂದಲೇ ಗಡಿಯಾರದ ವಿಷಯ ಕೂಗಿ ಹೇಳಿದೆ. ಮಗಳಲ್ಲವಾ, ಹೇಳದೆ ಬಿಡ್ತಾಳಾ ಅಂದರು. ಅಪ್ಪನನ್ನು ಬೋಟಿನಿಂದ ಇಳಿಸುವುದು ಅಂತ ತೀರ್ಮಾನವಾಯಿತು, ವಾರದ ಕೊನೆಯವರೆಗೆ ಇದ್ದು ಬೋಟು ಒಪ್ಪಿಸಲಿ ಎಂದರು. ಅಣ್ಣ ಬೇಡ ಅನ್ನಲಿಲ್ಲ. ಅಂದಿದ್ದರೆ ಉಳಿಯುತ್ತಿತ್ತು, ಅವನ ಮಾತಿಗೆ ಅಲ್ಲಿ ಅಷ್ಟು ಬೆಲೆ ಇತ್ತು. ಅವನು ಶೆಡ್ಡಿಗೆ ಹೋಗಿ ಚಾರ್ಜರು ಆನ್ ಮಾಡಿದ.

ಆ ವಾರ ಅಪ್ಪ ಎಂದಿನಂತೆ ಬೋಟು ಓಡಿಸಿದ. ಕೊನೆಯ ದಿನ ಮಧ್ಯಾಹ್ನ ಅಜ್ಜಿಯನ್ನು ಬೇಗ ಮನೆಗೆ ಕಳಿಸಿ, ಬೋಟು ತೊಳೆಯುತ್ತೇನೆ ಅಂತ ಒಬ್ಬನೇ ಉಳಿದ. ಸಂಜೆ ಮನೆಗೆ ಬಂದು ಮೆಟ್ಟಿಲ ಮೇಲೆ ಕೂತು ಕೈ ತೊಳೆದುಕೊಳ್ಳುತ್ತಿದ್ದ. ಕೈಯಲ್ಲಿ ಗ್ರೀಸು, ತೊಡೆಯ ಮೇಲೆ ಕಟಿಂಗ್ ಪ್ಲೇಯರ್. ನಾನು ಕಿಡಿಕಾರಿದೆ. ಅಷ್ಟು ಜನರ ಮುಂದೆ ಕಳ್ಳ ಅಂದರೂ ಬಾಯಿಗೆ ಬೀಗ ಹಾಕಿಕೊಂಡಿದ್ದೀಯಲ್ಲ, ನಾಚಿಕೆ ಆಗಲ್ಲವಾ ಅಂತ ಬಾಯಿಗೆ ಬಂದದ್ದೆಲ್ಲ ಅಂದೆ. ಅವನು ಬಿಡಮ್ಮ ಅಂದ. ಅಷ್ಟೇ. ಆ ತಿಂಗಳೇ ಅವನೂ ನನ್ನ ತಾಯಿಯೂ ಬಸ್ಸಿನಲ್ಲಿ ಅರ್ಧ ದಿನದ ದಾರಿಯ ಇನ್ನೊಂದು ಊರಿಗೆ ಹೋದರು. ಟಿಕೆಟ್ ಕೌಂಟರಿನ ಕೆಲಸಕ್ಕಾಗಿ ನಾನು ಇಲ್ಲೇ ಉಳಿದೆ. ಅಲ್ಲೊಂದು ಮರದ ಡಿಪೋದಲ್ಲಿ ಅಪ್ಪನಿಗೆ ಕಾವಲಿನ ಕೆಲಸ ಸಿಕ್ಕಿತು. ನೀರು ಬಿಟ್ಟರೆ ಬದುಕುವುದಿಲ್ಲ ಅನ್ನುತ್ತಿದ್ದವನು ಮರದ ದಿಮ್ಮಿಗಳನ್ನು ಕಾಯುತ್ತಾ ಕೂತ.

ಆಮೇಲೆ ಆದದ್ದು ಕೇಳಿ. ಅಪ್ಪ ಹೋದ ಮೇಲೆ ನಾಲ್ಕನೆಯದು ಒಂದು ಸಲವೂ ಬೀಳಲಿಲ್ಲ.

ಹೊಸ ಡ್ರೈವರ್ ಬಂದ, ಬೋಟು ಅದೇ, ಬ್ಯಾಟರಿ ಅದೇ, ಅಜ್ಜಿಯ ತಲೆಯ ಮೇಲೆ ಫ್ಯಾನು ಅದೇ. ವಾರವಾರವೂ ನಾಲ್ಕೂ ಒಂದೇ ಮಟ್ಟ. ಜೆಟ್ಟಿಯವರೆಲ್ಲ ನೋಡಿದ್ರಾ ಅಂದರು. ಅದುವರೆಗೆ ಅಪ್ಪನ ಪರವಾಗಿ ಒಂದು ಮಾತಾಡುತ್ತಿದ್ದ ಚಹಾದಂಗಡಿಯವಳೂ ಸುಮ್ಮನಾದಳು. ನಿಜ ಹೇಳುತ್ತೇನೆ, ಕೆಲವು ದಿನ ನನ್ನೊಳಗೇ ಒಂದು ಹುಳ ಹೊಕ್ಕಿತ್ತು. ಸ್ವಂತ ಅಪ್ಪನ ಮೇಲೆ ಅನುಮಾನ ಪಡುವ ಹಾಗೆ ಮಾಡಿದನಲ್ಲ ಅಂತ ದೊಡ್ಡಪ್ಪನ ಮೇಲಿನ ಸಿಟ್ಟು ಇನ್ನೂ ಹೆಚ್ಚಾಯಿತು. ಅವನು ಟಿಕೆಟ್ ಕೌಂಟರಿನ ಮುಂದೆ ಬಂದರೆ ನಾನು ತಲೆ ಎತ್ತುತ್ತಿರಲಿಲ್ಲ.

ಅಜ್ಜಿ ಮಾತ್ರ ಆ ಸೀಟು ಬಿಡಲಿಲ್ಲ. ಪಕ್ಕದಲ್ಲಿ ಕೂತವರಿಗೆಲ್ಲ, ನನ್ನ ಕಿರಿಯವನು ಕೆಟ್ಟವನಲ್ಲ, ಏನೋ ಒಂದು ಹಾಡಿನ ಹುಚ್ಚು, ಕೈ ತಡೀಲಿಲ್ಲ ಅಂತ ಹೇಳಿಕೊಳ್ಳುತ್ತಿದ್ದಳು. ಕೇಳದವರಿಗೂ ಹೇಳುತ್ತಿದ್ದಳು. ಫ್ಯಾನಿನ ಗಾಳಿಗೆ ಅವಳ ಬಿಳಿಕೂದಲು ಹಾರುತ್ತಿತ್ತು, ಅದನ್ನು ಹಿಂದಕ್ಕೆ ತಳ್ಳುತ್ತಾ ಹೇಳುತ್ತಿದ್ದಳು. ನಾನು ಎಷ್ಟೋ ಸಲ ಜಗಳಕ್ಕೆ ನಿಂತೆ. ಅವನೇ ಒಪ್ಕೊಂಡಿದ್ದಾನೆ ಕಣೇ ಅನ್ನುತ್ತಿದ್ದಳು. ನಾನು ಅದನ್ನು ಮುದುಕಿಯ ಮಾತು ಅಂತ ನಂಬಲಿಲ್ಲ.

ಎರಡು ವರ್ಷದ ಮೇಲೆ ಅವಳ ಉಸಿರು ಪೂರ್ತಿ ಸೋತಿತು. ಆಸ್ಪತ್ರೆಯ ಮಂಚದ ಪಕ್ಕ ನಾನೂ ಇದ್ದೆ, ದೊಡ್ಡಪ್ಪನೂ ಇದ್ದ. ಅವಳು ಅವನ ಕೈ ಹಿಡಿದುಕೊಂಡು, ತಮ್ಮನ ತಪ್ಪನ್ನ ಹೊಟ್ಟೆಗೆ ಹಾಕ್ಕೋ ಅಂದಳು. ದೊಡ್ಡಪ್ಪನ ಕಣ್ಣಲ್ಲಿ ನೀರು ತುಂಬಿತು.

"ಹಾಕ್ಕೊಂಡಿದೀನಿ ಅಮ್ಮಾ. ಅವನನ್ನ ಕ್ಷಮಿಸಿ ಎಷ್ಟೋ ದಿನ ಆಯ್ತು."

ಆಗ ಅವನು ಎಷ್ಟು ದೊಡ್ಡ ಮನುಷ್ಯನಾಗಿ ಕಂಡ ಅಂದರೆ, ಪಕ್ಕದ ಮಂಚದವರು ಕೂಡ ಕಣ್ಣೊರೆಸಿಕೊಂಡರು. ಅಜ್ಜಿಯ ಮುಖ ಸಡಿಲವಾಯಿತು. ಎರಡು ದಿನ ಬಿಟ್ಟು ಹೋಗಿಬಿಟ್ಟಳು. ಅಪ್ಪ ಬಂದ, ಎಲ್ಲರ ಹಿಂದೆ ನಿಂತ, ಮುಗಿದ ಕೂಡಲೇ ಬಸ್ಸು ಹತ್ತಿದ.

ಬ್ಯಾಟರಿಗೂ ಆಯಸ್ಸು ಇರುತ್ತದೆ. ಇನ್ನೂ ಎರಡು ವರ್ಷ ಕಳೆದ ಮೇಲೆ ಆ ಬೋಟಿನ ನಾಲ್ಕೂ ಸೊರಗಿದವು. ಸಂಘದವರು ಹೊಸ ಬಗೆಯ ಬ್ಯಾಟರಿ ತರಿಸಿದರು. ತನ್ನನ್ನು ತಾನೇ ಸಮ ಮಾಡಿಕೊಳ್ಳುವಂಥದ್ದು, ಒಳಗೇ ಒಂದು ಯಂತ್ರ ಕೂತು ಒಂದೊಂದನ್ನೂ ನೋಡಿಕೊಳ್ಳುತ್ತದೆ. ದೊಡ್ಡಪ್ಪ ಅದನ್ನು ತಟ್ಟಿ ನೋಡಿ, ಇದಕ್ಕೆ ಕಿವಿ ಇಟ್ರೆ ಏನೂ ಕೇಳಲ್ಲ ಅಂತ ಬೇಸರ ಪಟ್ಟುಕೊಂಡ. ಹಳೆಯದನ್ನು ಮಾತ್ರ ನಾನೇ ಬಿಚ್ಚುತ್ತೇನೆ ಅಂತ ಹಟ ಹಿಡಿದ.

ಬೆಳಿಗ್ಗೆ ಬೋಟಿಗೆ ಇಳಿದವನು ಊಟದ ಹೊತ್ತಾದರೂ ಮೇಲೆ ಬರಲಿಲ್ಲ. ದೊಡ್ಡಮ್ಮ ಕಳಿಸಿದ ಬುತ್ತಿ ನನ್ನ ಕೌಂಟರಿನಲ್ಲಿತ್ತು. ಕೊಟ್ಟು ಬರೋಣ ಅಂತ ಹೋದೆ. ಅವನು ಅಜ್ಜಿಯ ಸೀಟಿನ ಮುಂದೆ ನೆಲದ ಮೇಲೆ ಕಾಲು ಚಾಚಿ ಕೂತಿದ್ದ. ಹಲಗೆ ಕಿತ್ತು ಬಿಸಾಕಿತ್ತು. ನಾನು ಬುತ್ತಿ ಇಟ್ಟು ತಿರುಗಿದೆ. ನಿಂತ್ಕೋ ಅಂದ. ಅವನ ದನಿ ಕೇಳಿ ಮೈ ಹುಷಾರಿಲ್ಲವೇನೋ ಅಂದುಕೊಂಡೆ.

ಅವನು ಕಪ್ಪು ಡಬ್ಬಿಯನ್ನು ತೋರಿಸಿದ. ಡಬ್ಬಿಯಿಂದ ಹೊರಟ ವೈರುಗಳು ಸಾಲಿನ ಎರಡು ತುದಿಗೂ ಸರಿಯಾಗಿ ಹೋಗಿದ್ದವು. ಫ್ಯಾನಿನ ವೈರು ಡಬ್ಬಿಗೆ ಸೇರಿತ್ತು. ಇರಬೇಕಾದ ಹಾಗೆಯೇ ಇತ್ತು, ಅದಕ್ಕೇ ಇಷ್ಟು ವರ್ಷ ಅದನ್ನು ಯಾರೂ ನೋಡಿರಲಿಲ್ಲ. ಆದರೆ ಫ್ಯಾನಿನ ವೈರನ್ನು ಡಬ್ಬಿಗೆ ಕೂಡಿಸಿದ ಕಡೆ ಸುತ್ತಿದ್ದ ಟೇಪನ್ನು ಬಿಚ್ಚಲು ಹೋದರೆ ಬಿಚ್ಚುತ್ತಿರಲಿಲ್ಲವಂತೆ, ತಿರುಗಿಸಿದಷ್ಟೂ ಬಿಗಿಯಾಗುತ್ತಿತ್ತಂತೆ. ಸುತ್ತು ಎಡಕ್ಕೆ ಇತ್ತು. ಆ ಜೆಟ್ಟಿಯಲ್ಲಿ ಹಾಗೆ ಸುತ್ತುತ್ತಿದ್ದವನು ಒಬ್ಬನೇ.

ಆಮೇಲೆ ಅವನು ಮುಷ್ಟಿ ಬಿಚ್ಚಿದ. ಅಂಗೈಯಲ್ಲಿ ಒಂದು ತಾಮ್ರದ ಉಂಗುರ, ವೈರಿನ ತುದಿಗೆ ಒತ್ತಿ ಕಂಬಕ್ಕೆ ಸಿಕ್ಕಿಸುವಂಥದ್ದು. ಅದರ ಹಿಂದೆ ಬೆರಳುದ್ದದ ಕೆಂಪು ವೈರಿನ ತುಂಡು, ಪ್ಲೇಯರಿನಲ್ಲಿ ಕತ್ತರಿಸಿದ್ದು. ಅದು ನಾಲ್ಕನೆಯದರ ಕಂಬದ ಮೇಲೆ, ಗ್ರೀಸಿನ ಅಡಿಯಲ್ಲಿ ಹಾಗೇ ಉಳಿದಿತ್ತು.

"ಇದು ನಾನು ಒತ್ತಿದ್ದು. ಸದ್ಯಕ್ಕೆ ಅಂತ. ತೆಗೆದಿದೀನಿ ಅಂದ್ಕೊಂಡಿದ್ದೆ ಕಣಮ್ಮಾ."

ನನಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಕದ್ದವನು ಯಾರೂ ಇರಲಿಲ್ಲ. ದಿನವಿಡೀ ಎಳೆಯುತ್ತಿದ್ದದ್ದು ಅಜ್ಜಿಯ ಫ್ಯಾನು. ಎಳೆಯಲು ಬಿಟ್ಟವನು ಇವನೇ. ತನ್ನ ಮೇಲೆ ಅಪವಾದ ಬಂದ ಮೇಲೆ ಅಪ್ಪ ಹುಡುಕಿದ್ದಾನೆ, ಕಂಡುಹಿಡಿದಿದ್ದಾನೆ, ಅಣ್ಣ ಅರ್ಧಕ್ಕೆ ಬಿಟ್ಟ ಕೆಲಸವನ್ನು ಕೊನೆಯ ದಿನ ಕೂತು ಮುಗಿಸಿ, ಹಲಗೆ ಬಡಿದು ಹೋಗಿದ್ದಾನೆ. ಅವನು ಸರಿ ಮಾಡಿದ್ದರಿಂದಲೇ ಬ್ಯಾಟರಿ ನಿಂತಿತು, ಬ್ಯಾಟರಿ ನಿಂತಿದ್ದರಿಂದಲೇ ಅವನು ಕಳ್ಳ ಅಂತ ಊರಿಗೆಲ್ಲ ಖಾತ್ರಿಯಾಯಿತು. ನಾನು ಅಲ್ಲೇ ಕೂತು ಅತ್ತುಬಿಟ್ಟೆ. ದೊಡ್ಡಪ್ಪನಿಗೆ ಅಳುವುದಕ್ಕೂ ಆಗಲಿಲ್ಲ. ಬುತ್ತಿ ಬಿಚ್ಚಲೇ ಇಲ್ಲ.

ಅವನ ಒಂದು ಗುಣ ಒಪ್ಪಿಕೊಳ್ಳಬೇಕು. ಮುಚ್ಚಿಡಲಿಲ್ಲ. ಅಂದೇ ಸಂಜೆ ತಗಡಿನ ಕೆಳಗೆ ಜನ ಸೇರಿಸಿ, ತಾಮ್ರದ ಉಂಗುರ ಎತ್ತಿ ತೋರಿಸಿ, ತಪ್ಪು ನನ್ನದು, ನನ್ನ ತಮ್ಮ ಕದ್ದಿಲ್ಲ ಅಂತ ಹೇಳಿದ. ಆದರೆ ಕೇಳುವವರು ಯಾರು? ಹಳೆಯ ಅಧ್ಯಕ್ಷರು ಊರು ಬಿಟ್ಟಿದ್ದರು. ಅಂದು ಕಿಸಕ್ಕನೆ ನಕ್ಕವನು ಬೇರೆ ಕೆಲಸಕ್ಕೆ ಹೋಗಿದ್ದ. ಡ್ರೈವರುಗಳೆಲ್ಲ ಹೊಸಬರು. ಅವರಲ್ಲೊಬ್ಬ, ಪಾಪ, ಮರ್ಯಾದೆಯಿಂದಲೇ ಕೇಳಿದ, ನಿಮಗೆ ತಮ್ಮ ಇದ್ದಾರಾ ಅಂತ. ಚಹಾದಂಗಡಿಯವಳು ಮಾತ್ರ ಗಲ್ಲಾ ಬಿಟ್ಟು ಎದ್ದು ಬಂದು, ಸೆರಗಿನಿಂದ ಮುಖ ಒರೆಸಿಕೊಂಡು, ಇದನ್ನ ಆವತ್ತು ಹೇಳ್ಬೇಕಿತ್ತಲ್ಲಪ್ಪ ಅಂದಳು.

ಮರುದಿನ ನಾನೂ ಅವನೂ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅವನು ಉಂಗುರವನ್ನು ಜೇಬಿನ ಮೇಲಿಂದ ಮುಟ್ಟಿ ನೋಡಿಕೊಳ್ಳುತ್ತಿದ್ದ. ಹೇಳಬೇಕಾದ್ದನ್ನು ನನ್ನ ಮುಂದೆ ಮತ್ತೆ ಮತ್ತೆ ಹೇಳಿ ನೋಡಿದ. ಕಾಲು ಹಿಡಿಯುತ್ತೇನೆ ಅಂದ. ವಾಪಸ್ಸು ಕರೆದುಕೊಂಡು ಬರುತ್ತೇನೆ ಅಂದ. ರಾತ್ರಿಯೇ ಹೋಗಿ ಕೇಳಿದ್ದಕ್ಕೆ ಸಂಘದವರು ತಮ್ಮನಿಗೆ ಮತ್ತೆ ಬೋಟು ಕೊಡಲು ಒಪ್ಪಿದ್ದಾರೆ ಅನ್ನುವುದನ್ನಂತೂ ಲೆಕ್ಕವಿಲ್ಲದಷ್ಟು ಸಲ ಅಂದ. ಅವನ ಮುಖದಲ್ಲಿ ಒಂದು ಆಸೆ ಇತ್ತು. ತಪ್ಪು ಗೊತ್ತಾಗಿದೆ, ಒಪ್ಪಿಕೊಂಡರೆ ಎಲ್ಲ ಸಮ ಆಗುತ್ತದೆ ಅನ್ನುವ ಆಸೆ.

ಅಪ್ಪನ ಮನೆ ಡಿಪೋದ ಹಿಂದೆ, ಒಂದು ಕೋಣೆ, ಒಂದು ಅಡುಗೆಮನೆ. ಮರದ ಹೊಟ್ಟಿನ ವಾಸನೆ. ಗೋಡೆಯ ಮೇಲೆ ನಮ್ಮ ಹಳೆಯ ಗಡಿಯಾರವೇ ಇತ್ತು. ನನ್ನ ತಾಯಿ ದೊಡ್ಡಪ್ಪನನ್ನು ನೋಡಿದ್ದೇ ಒಳಗೆ ಹೋದವಳು ಹೊರಗೆ ಬರಲಿಲ್ಲ, ಪಾತ್ರೆಗಳ ಸದ್ದಿನಲ್ಲೇ ಹೇಳಬೇಕಾದ್ದನ್ನೆಲ್ಲ ಹೇಳಿದಳು. ಅಪ್ಪ ತಾನೇ ಚಹಾ ಮಾಡಿ ತಂದ. ತುಂಬ ಬಡಕಲಾಗಿದ್ದ. ದೊಡ್ಡಪ್ಪ ಬಸ್ಸಿನಲ್ಲಿ ಕಲಿತ ಮಾತು ಒಂದನ್ನೂ ಆಡಲಿಲ್ಲ. ಉಂಗುರ ತೆಗೆದು ಸ್ಟೂಲಿನ ಮೇಲೆ ಲೋಟದ ಪಕ್ಕ ಇಟ್ಟ.

ಅಪ್ಪ ಅದನ್ನು ನೋಡಿದ. ಎಡಗೈಯಲ್ಲಿ ತೆಗೆದುಕೊಂಡು ತಿರುಗಿಸಿ ನೋಡಿದ. ಕಿತ್ತುಹಾಕಬೇಕಿತ್ತು, ಆವತ್ತು ಸ್ಪ್ಯಾನರ್ ಇರಲಿಲ್ಲ ಅಂದ, ಕೆಲಸದಲ್ಲಿ ಒಂದು ಸಣ್ಣ ಕುಂದು ಉಳಿದಿದ್ದಕ್ಕೆ ಬೇಸರ ಪಟ್ಟವನ ಹಾಗೆ.

ದೊಡ್ಡಪ್ಪ ಕೇಳಿದ, ಗೊತ್ತಾದ ಮೇಲೂ ಯಾಕೆ ಹೇಳಲಿಲ್ಲ ಅಂತ. ಬೈಬಾರ್ದಿತ್ತಾ ನನ್ನನ್ನ, ಎಲ್ಲರ ಮುಂದೆ ನಿಲ್ಲಿಸಿ ಉಗೀಬಾರ್ದಿತ್ತಾ ಅಂತ. ಅಪ್ಪ ಉಂಗುರವನ್ನು ಮತ್ತೆ ಲೋಟದ ಪಕ್ಕ ಇಟ್ಟ.

"ನಿನಗೋಸ್ಕರ ಅಲ್ಲ ಅಣ್ಣಾ. ನಿನ್ನ ಮೇಲೆ ನಂಗೆ ಸಿಟ್ಟೇ ಇತ್ತು, ಈಗ್ಲೂ ಇದೆ. ಫ್ಯಾನಿಂದ ಬೋಟು ನಿಂತಿದ್ದು ಅಂತ ಗೊತ್ತಾಗಿದ್ರೆ ಅಮ್ಮ ಮತ್ತೆ ಅದರ ಕೆಳಗೆ ಕೂರ್ತಿದ್ಲಾ? ಮನೇಲೇ ಉಸಿರು ಕಟ್ಕೊಂಡು ಸಾಯ್ತಿದ್ಲು."

ಅಜ್ಜಿ ಹೇಳುತ್ತಿದ್ದ ಮಾತು ಆಗ ನನಗೆ ನೆನಪಾಯಿತು. ನೀನೇ ಒಪ್ಪಿಕೊಂಡೆ ಅನ್ನುತ್ತಿದ್ದಳಲ್ಲ ಅಂತ ಕೇಳಿದೆ. ಹೌದು ಅಂದ ಅಪ್ಪ. ಬೋಟು ಬಿಡುವ ಹಿಂದಿನ ದಿನ ಅವಳು, ನನ್ನಾಣೆ ಮಾಡಿ ಹೇಳು, ನೀನಾ ಅಂತ ಕೇಳಿದ್ದಳಂತೆ. ಅಷ್ಟರಲ್ಲಿ ಅವನಿಗೆ ಫ್ಯಾನಿನ ವಿಷಯ ಗೊತ್ತಾಗಿತ್ತು, ಇಲ್ಲ ಅಂದರೆ ಹಾಗಾದರೆ ಯಾರು ಅನ್ನುವ ಪ್ರಶ್ನೆ ಬರುತ್ತಿತ್ತು. ನಾನೇ ಅಂದುಬಿಟ್ಟನಂತೆ. ಒಳಗೆ ಪಾತ್ರೆಯ ಸದ್ದು ನಿಂತಿತು. ಇದು ನನ್ನ ತಾಯಿಗೂ ಗೊತ್ತಿರಲಿಲ್ಲ ಅಂತ ಕಾಣುತ್ತದೆ.

ದೊಡ್ಡಪ್ಪ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡ. ಆ ಕೈಗಳ ನಡುವಿನಿಂದಲೇ ಮಾತಾಡಿದ.

"ಕೊನೇಲಿ ಅಮ್ಮ ನನ್ನ ಹತ್ರ ಕೇಳಿದ್ಲು ಕಣೋ. ನಿನ್ನನ್ನ ಕ್ಷಮಿಸು ಅಂತ. ನಾನು, ಕ್ಷಮಿಸಿದೀನಿ ಅಂದೆ. ನಾನು ನಿನ್ನನ್ನ ಕ್ಷಮಿಸಿದೀನಿ ಅಂದೆ."

"ಗೊತ್ತು. ಆವತ್ತೇ ನರ್ಸ್ ಕೈಲಿ ಫೋನ್ ಮಾಡಿಸಿ ಹೇಳಿದ್ಲು. ಅಣ್ಣ ಕ್ಷಮಿಸಿದಾನಂತೆ, ಇನ್ನು ಧೈರ್ಯವಾಗಿ ಮನೆಗೆ ಬಾ ಅಂದ್ಲು. ತುಂಬ ಖುಷಿಯಲ್ಲಿದ್ಲು."

ಅಪ್ಪ ಅದನ್ನು ಚುಚ್ಚಿ ಹೇಳಲಿಲ್ಲ. ಮಾತು ಬಂದದ್ದಕ್ಕೆ ಹೇಳಿದ, ಅಷ್ಟೇ. ಬೋಟಿನ ಮಾತು ದೊಡ್ಡಪ್ಪ ಎತ್ತಲೇ ಇಲ್ಲ, ಎತ್ತುವ ಮುಖ ಅವನಿಗೆ ಉಳಿದಿರಲಿಲ್ಲ. ಸಂಜೆಯ ಬಸ್ಸಿಗೆ ಅಪ್ಪ ನಮ್ಮನ್ನು ಕಳಿಸಲು ಬಂದ. ಕಿಟಕಿಯ ಹತ್ತಿರ ನಿಂತು ಉಂಗುರವನ್ನು ಅಣ್ಣನ ಕೈಗೆ ವಾಪಸ್ಸು ಕೊಟ್ಟ, ನಿಂದು ಇದು, ಇಟ್ಕೋ ಅಂತ. ದೊಡ್ಡಪ್ಪ ಇಟ್ಟುಕೊಂಡ.